ಹೊಸ ಪಿಚ್ಚರಿನಲ್ಲಿ ಇಲ್ಲದ ಧೋತರ

ಮೊರದಲ್ಲಿ ಕಾಳು ಕೇರುವ ಸಪ್ಪಳ ಕಿವಿಗೆ ಬಿದ್ದರೆ ನನಗೆ ಈಗಲೂ ಒಂದು ಸಿನೆಮಾ ಕಣ್ಣಿಗೆ ಕಟ್ಟುತ್ತದೆ. ನಾನು ಎಂದೂ ನೋಡದ ಸಿನೆಮಾ. ಮೊನ್ನೆ ಪಕ್ಕದ ಮನೆಯಾಕೆ ಮಾಳಿಗೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಾಗ ಆ ಸಪ್ಪಳ ಕೇಳಿ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಟ್ಟೆ. ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆಗ ನನಗೆ ಎಂಟು ವರ್ಷವೋ ಒಂಬತ್ತೋ. ದಿನಚರಿ ಬರೆಯುವ ಚಟ ಹತ್ತಿದ್ದು ಧಾರವಾಡಕ್ಕೆ ಓದಲು ಹೋದ ಮೇಲೆ. ಅದಕ್ಕಿಂತ ಹಿಂದಿನದೆಲ್ಲ ಬರೇ ನೆನಪು, ಮತ್ತು ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಈಗ ಹೇಳಲಿರುವ ಒಂದು ಮಧ್ಯಾಹ್ನವನ್ನು ನನ್ನ ಮೂರು ನೋಟುಬುಕ್ಕುಗಳಲ್ಲಿ ಮೂರು ತರಹ ಬರೆದಿದ್ದೇನೆ. ಆಡಬಾರದ ಒಂದು ಮಾತನ್ನು ಅಂದು ಆಡಿದವಳು ಮೊದಲ ಪುಸ್ತಕದಲ್ಲಿ ಬಳೆಗಾರ್ತಿ ಖಾಜಾಬಿ, ಎರಡನೆಯದರಲ್ಲಿ 'ಯಾರೋ', ಮೂರನೆಯದರಲ್ಲಿ ನಾನು.

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ನಮ್ಮ ಮನೆ ಇತ್ತು. ಮಣ್ಣಿನ ದಪ್ಪ ಗೋಡೆ, ನಡುವೆ ಉದ್ದನೆಯ ಪಡಸಾಲೆ, ಹಿಂದೆ ಬೇವಿನ ಗಿಡವಿದ್ದ ಹಿತ್ತಲು. ಅಪ್ಪ ಕಾಲುವೆಯ ಕೆಲಸದ ನೌಕರಿಯಲ್ಲಿದ್ದ. ಅವನ ಕ್ಯಾಂಪು ಕಾಲುವೆಯ ಜೊತೆಗೇ ಮುಂದೆ ಮುಂದೆ ಸರಿಯುತ್ತಿದ್ದುದರಿಂದ ನನ್ನನ್ನು ಶಾಲೆಗೆಂದು ಅಣ್ಣನ ಮನೆಯಲ್ಲಿ ಬಿಟ್ಟಿದ್ದ. ಆ ಅಣ್ಣ ನನ್ನ ದೊಡ್ಡಪ್ಪ. ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಸಾವುಕಾರ, ಪೂಜೆ ಮುಗಿಯದೆ ನೀರು ಮುಟ್ಟದ ಮನುಷ್ಯ, ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವನ ಹೆಂಡತಿ ದೊಡ್ಡವ್ವ. ಅಪ್ಪನ ತಮ್ಮ, ಅಂದರೆ ಕಾಕಾ, ಹೊಲ ನೋಡಿಕೊಳ್ಳುತ್ತಿದ್ದ. ಕಾಕಾನ ಹೆಂಡತಿ ಶಾಂತವ್ವ ಲಿಂಗಸುಗೂರಿನವಳು. ಅವಳನ್ನು ನಾನು ಚಿಗವ್ವ ಅನ್ನುತ್ತಿದ್ದೆ, ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ಅವಳ ಸೆರಗಿಗೆ ಇರುತ್ತಿದ್ದ ಕುಸುಬಿ ಎಣ್ಣೆಯ ಮತ್ತು ಒಲೆಬೂದಿಯ ವಾಸನೆಯಲ್ಲೇ ಬೆಳೆದೆ.

ನೀವೂ ಅಂಥ ಮನೆಗಳಲ್ಲಿ ಬೆಳೆದವರಾಗಿದ್ದರೆ ನಿಮಗೆ ಗೊತ್ತು, ಪಿಚ್ಚರ್ ಅನ್ನುವುದು ಆಗ ನೋಡುವ ವಸ್ತುವಾಗಿದ್ದಕ್ಕಿಂತ ಹೇಳಿಸಿಕೊಳ್ಳುವ ವಸ್ತುವಾಗಿತ್ತು. ಟೂರಿಂಗ್ ಟಾಕೀಸಿನ ಡೇರೆ ಸುಗ್ಗಿಯ ನಂತರ ಬಂದು ಮಳೆಗಾಲದ ಹೊತ್ತಿಗೆ ಎದ್ದು ಹೋಗುತ್ತಿತ್ತು. ಸಾವುಕಾರರ ಮನೆಯ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಉಳಿದಂತೆ ಓಣಿಯಲ್ಲಿ ಯಾರಾದರೂ ಒಬ್ಬರು ನೋಡಿ ಬರುವುದು, ಮಧ್ಯಾಹ್ನ ಗಂಡಸರು ಅಂಗಡಿ ಹೊಲಗಳಲ್ಲಿರುವಾಗ ಪಡಸಾಲೆಯಲ್ಲಿ ಮೊರ ಹಿಡಿದು ಕೂತವರ ಮುಂದೆ ಅದನ್ನು ಮೊದಲಿನಿಂದ ಕೊನೆಯ ತನಕ ಹೇಳುವುದು. ಹೇಳುವವರಿಗೆ ಜೋಳ ಹಸನು ಮಾಡುವ ಕೆಲಸ ಮಾಫಿ. ನಮ್ಮ ಓಣಿಯಲ್ಲಿ ಆ ಮಾಫಿ ಯಾವಾಗಲೂ ಚಿಗವ್ವನಿಗೆ. ಅವಳು ಮದುವೆಗೆ ಮುಂಚೆ ಹೈದರಾಬಾದಿನ ಸೋದರಮಾವನ ಮನೆಯಲ್ಲಿ ಎರಡು ವರ್ಷ ಇದ್ದು ಹಿಂದಿ ಪಿಚ್ಚರುಗಳನ್ನು ನೋಡಿದ್ದಳು. ಅವುಗಳಲ್ಲಿ ಒಂದನ್ನು ನಾವೆಲ್ಲ ಹತ್ತಾರು ಸಲ ಹೇಳಿಸಿಕೊಂಡಿದ್ದೆವು. ಅದಕ್ಕೆ ಹೆಸರು ಇತ್ತು, ನಾವು ಮಾತ್ರ 'ಗಡಿಯಾರದ ಪಿಚ್ಚರ್' ಅನ್ನುತ್ತಿದ್ದೆವು.

ಅದು ನೆರಳಿನ ಪಿಚ್ಚರ್. ಬೀದಿಯ ದೀಪಗಳು, ಹೊಗೆ, ಟೋಪಿಯ ಕೆಳಗೆ ಕಣ್ಣು ಕಾಣದ ಗಂಡಸರು. ಮುಂಬಯಿಯ ಒಂದು ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ. ಅವನ ಅಂಗಡಿಗೆ ಚಂದದ ಹೆಂಗಸೊಬ್ಬಳು ನಿಂತುಹೋದ ಕೈಗಡಿಯಾರ ತರುತ್ತಾಳೆ. ಬಿಚ್ಚಿ ನೋಡಿದರೆ ಒಳಗೆ ಒಂದು ಹನಿ ರಾಡಿ ನೀರು, ಎರಡು ಕಾಳು ಉಸುಕು. ಗಡಿಯಾರ ಅವಳ ಗಂಡನದು, ಗಂಡ ಕಾಣೆಯಾಗಿದ್ದಾನೆ. ಎಲ್ಲರ ಸಂಶಯವೂ ಅವಳ ಮೇಲೆ. ರಿಪೇರಿಯವನಿಗೆ ಅವಳ ಮೇಲೆ ಮನಸ್ಸಾಗುತ್ತದೆ, ಆದರೂ ಅವಳನ್ನು ನಂಬಲಾರ. ಕಡೆಗೆ ರೈಲು ನಿಲ್ದಾಣದ ಹೊಗೆಯಲ್ಲಿ ಆಕೆ ಪೊಲೀಸರ ಜೊತೆ ಒಂದು ಮಾತೂ ಆಡದೆ ನಡೆದುಹೋಗುತ್ತಾಳೆ. ಚಿಗವ್ವ ಇದನ್ನು ಹೇಳುವಾಗ ದನಿ ಇಳಿಸುತ್ತಿದ್ದಳು. ಸುಡುಸುಡು ಬಿಸಿಲಿನ ಮಧ್ಯಾಹ್ನದಲ್ಲೂ ನಮಗೆ ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು.

ಅದರಲ್ಲಿ ಎಲ್ಲರೂ ಕಾಯುತ್ತಿದ್ದ ಸೀನು ಒಂದೇ. ಗಂಡ ಕಾಣೆಯಾದ ದಿನ ಮುಂಜಾನೆ ಆ ಹೆಂಗಸು ಅಡಿಗೆಮನೆಯ ಕಿಂಡಿಯಿಂದ ಹೊರಗೆ ನೋಡುತ್ತಾಳೆ. ಗಂಡನ ಅಣ್ಣ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾನೆ. ಆ ವರ್ಷ ಮಳೆ ಇಲ್ಲ, ಆದರೂ ಅವನ ಧೋತರ ನಡುವಿನ ತನಕ ಒದ್ದೆ. ತನ್ನ ತಂಬಿಗೆಯನ್ನೂ ತಾನು ಎತ್ತದ ಗಂಡಸು ಅವತ್ತು ತಾನೇ ಧೋತರ ಹಿಂಡುತ್ತಾನೆ, ಹಿಂಡಿ ಹಿಂಡಿ ಜಾಡಿಸಿ ಹಗ್ಗದ ಮೇಲೆ ಹರವುತ್ತಾನೆ. ಹರವಿ ತಿರುಗಿದಾಗ ಕಿಂಡಿಯಲ್ಲಿ ಅವಳ ಕಣ್ಣು ಕಾಣುತ್ತದೆ. ಅವನು ನಕ್ಕು, "ಬಿಸಲು ಚಲೋ ಐತಿ" ಅನ್ನುತ್ತಾನೆ. ಅಷ್ಟೆ. ಆ ಮಾತಿಗೆ ಮೊರಗಳೆಲ್ಲ ನಿಲ್ಲುತ್ತಿದ್ದವು. ಕೋಟು ಟೋಪಿಗಳ ಮುಂಬಯಿ ಪಿಚ್ಚರಿನಲ್ಲಿ ಧೋತರದ ಅಣ್ಣ ಎಲ್ಲಿಂದ ಬಂದ, ಹಿತ್ತಲ ಹಗ್ಗ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾವು ಕಂಡ ಮನೆಗಳೆಲ್ಲ ಹಾಗೇ ಇದ್ದವು, ಪಿಚ್ಚರಿನ ಮನೆಯೂ ಹಾಗೇ ಇದ್ದೀತು ಅಂದುಕೊಂಡಿದ್ದೆವು.

ಇನ್ನು ಕಾಕಾನ ವಿಷಯ. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಸೀಮೆಯ ನೆಲದ ಬೆಲೆಯೂ ಬುದ್ಧಿಯೂ ಬದಲಾಯಿತು. ಸಿಂಧನೂರಿನ ಕಡೆಗೆ ಕರಾವಳಿ ಆಂಧ್ರದ ರೈತರು ಬಂದು ಎರೆಹೊಲ ಕೊಂಡು, ಕ್ಯಾಂಪು ಕಟ್ಟಿ, ನೆಲ್ಲು ಹಚ್ಚತೊಡಗಿದ್ದರು. ಕಾಲುವೆಯ ಪಕ್ಕದ ನಮ್ಮ ಹೊಲವನ್ನೂ ಕೇಳಿಕೊಂಡು ಬಂದಿದ್ದರು. ದೊಡ್ಡಪ್ಪನಿಗೆ ಮಾರುವ ಮನಸ್ಸು. ಜೋಳದ ಮಂದಿಗೆ ನೀರಿನ ಬೇಸಾಯ ಒಗ್ಗುವುದಿಲ್ಲ ಅನ್ನುತ್ತಿದ್ದ. ಕಾಕಾ ಆ ಕ್ಯಾಂಪುಗಳಿದ್ದ ವಳಕಮದಿನ್ನಿಯ ಕಡೆ ಹೋಗಿ ನೆಲ್ಲಿನ ಸಸಿ ಹಚ್ಚುವುದನ್ನು ಕಲಿತು ಬಂದು, ತಾನು ಬದುಕಿರುವ ತನಕ ಅಂಗೈಯಷ್ಟು ನೆಲವನ್ನೂ ಕೊಡುವುದಿಲ್ಲ ಅಂದಿದ್ದ. ಊಟದ ಹೊತ್ತಿನಲ್ಲಿ ಅಂದ ಮಾತು ಅದು, ನಾನೂ ಇದ್ದೆ. ದೊಡ್ಡಪ್ಪ ತಾಟಿನಲ್ಲಿ ಕೈ ತೊಳೆದುಕೊಂಡು ಎದ್ದ. ಇದು ನನಗೆ ಖಾತ್ರಿಯಾಗಿ ನೆನಪಿದೆ, ಏಕೆಂದರೆ ಅವನ ತಾಟಿನಲ್ಲಿ ರೊಟ್ಟಿ ಅರ್ಧ ಉಳಿದಿತ್ತು, ದೊಡ್ಡಪ್ಪ ಎಂದೂ ಅನ್ನ ಬಿಟ್ಟು ಎದ್ದವನಲ್ಲ.

ಅದಾದ ಸ್ವಲ್ಪ ದಿನಕ್ಕೆ ಒಂದು ಮುಂಜಾನೆ ಕಾಕಾ ನೀರು ಕಟ್ಟಲು ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ. ಸೈಕಲ್ಲು ಕಾಲುವೆಯ ತೂಬಿನ ಹತ್ತಿರ ಸಿಕ್ಕಿತು. ಕಾಲುವೆಯಲ್ಲಿ ಆಗ ತುಂಬು ನೀರು, ಮಣ್ಣಿನ ಬಣ್ಣದ್ದು, ಸಪ್ಪಳವಿಲ್ಲದೆ ಸರಸರ ಹೋಗುವಂಥದ್ದು. ಜನ ಎರಡು ದಿನ ದಂಡೆಗುಂಟ ಹುಡುಕಿದರು. ಮೂರನೆಯ ದಿನ ದೊಡ್ಡಪ್ಪ, ರಾಯಚೂರಿನ ಬಸ್ಸನ್ನು ತಮ್ಮ ಹತ್ತಿದ್ದನ್ನು ಕಂಡವರಿದ್ದಾರೆ, ಸಿಟ್ಟಿನಲ್ಲಿ ಹೋಗಿದ್ದಾನೆ, ಸಿಟ್ಟು ಇಳಿದ ಮೇಲೆ ಬರುತ್ತಾನೆ ಅಂದ. ಕಂಡವರು ಯಾರು ಎಂದು ಸಾವುಕಾರನನ್ನು ಕೇಳುವವರು ಇರಲಿಲ್ಲ. ಹುಡುಕುವುದು ನಿಂತಿತು. ಚಿಗವ್ವ ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಗಂಡ ಬದುಕಿದ್ದಾನೆಂದು ಮನೆಯ ಯಜಮಾನನೇ ಹೇಳಿದ ಮೇಲೆ ಅವಳು ವಿಧವೆಯಲ್ಲ, ಆದ್ದರಿಂದ ಗಂಡನ ಪಾಲು ಕೊಡಿ ಎಂದು ಕೇಳುವ ಹಕ್ಕೂ ಇಲ್ಲ. ಆ ಸುಗ್ಗಿಯೊಳಗೆ ಹೊಲ ಮಾರಾಟವಾಯಿತು.

ನನ್ನನ್ನು ಇಷ್ಟು ವರ್ಷ ಕಾಡಿದ್ದು ಒಂದು ಹಿಂದುಮುಂದಿನ ಲೆಕ್ಕ. ಚಿಗವ್ವನ ಬಾಯಲ್ಲಿ ಆ ಧೋತರದ ಸೀನನ್ನು ನಾನು ಮೊದಲ ಸಲ ಕೇಳಿದ್ದು ಕಾಕಾ ಹೋಗುವ ಮೊದಲೋ, ಹೋದ ಮೇಲೋ? ಮೊದಲೇ ಕೇಳಿದ್ದರೆ ಅದು ಬರೇ ಪಿಚ್ಚರ್, ಮತ್ತು ದೊಡ್ಡಪ್ಪನ ಬಗ್ಗೆ ನಾನು ಇಲ್ಲಿ ಬರೆಯುತ್ತಿರುವುದು ಮಹಾಪಾಪ. ಆಮೇಲೆ ಕೇಳಿದ್ದರೆ ಅದು ಬೇರೆ. ಗಡಿಯಾರ, ರಾಡಿ ನೀರು, ರೈಲು, ಇವನ್ನು ಹೊಲದ ಕೆಲಸವಿಲ್ಲದ ದಿನ ಕಾಕಾ ಪಕ್ಕದಲ್ಲೇ ಕೂತು ಕೇಳಿ ನಕ್ಕದ್ದು ನೆನಪಿದೆ. ಧೋತರದ ಹೊತ್ತಿಗೆ ಕಾಕಾನ ನಗು ನೆನಪಿಲ್ಲ. ಆದರೆ ನೆನಪಿಲ್ಲದಿರುವುದು ಪುರಾವೆಯಲ್ಲ. 'ಬಿಸಲು ಚಲೋ ಐತಿ' ಅನ್ನುವುದು ದೊಡ್ಡಪ್ಪನ ವಾಡಿಕೆಯ ಮಾತೇ ಆಗಿತ್ತು, ಮೆಣಸಿನಕಾಯಿ ಹರವಿದಾಗಲೆಲ್ಲ ಅನ್ನುತ್ತಿದ್ದ. ಕತೆ ಹೇಳುವವಳು ಮನೆಯೊಳಗಿನ ಮಾತನ್ನು ಎತ್ತಿ ಕತೆಯಲ್ಲಿ ಇಡುವುದು ಹೊಸದೇನಲ್ಲ. ಈಗ ಕಣ್ಣು ಮುಚ್ಚಿದರೆ ಹಿತ್ತಲ ಹಗ್ಗದ ಮೇಲಿನ ಧೋತರ ನನಗೂ ಕಾಣುತ್ತದೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಆದರೆ ಅದು ಕಪ್ಪು ಬಿಳುಪಿನಲ್ಲಿ ಕಾಣುತ್ತದೆ, ಆದ್ದರಿಂದ ನಾನು ಅದನ್ನು ನಂಬುವುದಿಲ್ಲ.

ಎರಡು ವರ್ಷ ಕಳೆದ ಮೇಲೆ ಗಡಿಯಾರದ ಪಿಚ್ಚರನ್ನು ಕನ್ನಡದಲ್ಲಿ ಹೊಸದಾಗಿ ತೆಗೆದಿದ್ದಾರೆಂದು ಸುದ್ದಿ ಬಂತು. ಡೇರೆಯವರು ಟಾಂಗಾಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗಿ ಹೋದರು. ಓಣಿಗೆ ಓಣಿಯೇ ಎದ್ದು ಕೂತಿತು. ನಮ್ಮ ಪಡಸಾಲೆಯ ಪಿಚ್ಚರ್ ಊರಿಗೆ ಬಂದಿದೆ ಅನ್ನುವ ಹೆಮ್ಮೆ. ದೊಡ್ಡವ್ವ ಕೇಳಿದ್ದಕ್ಕೆ ದೊಡ್ಡಪ್ಪ ಎಲ್ಲರಿಗೂ ಮೊದಲ ಆಟಕ್ಕೆ ಅಪ್ಪಣೆ ಕೊಟ್ಟು ತಾನೂ ಹಿಂದಿನ ಕುರ್ಚಿಗೆ ಬಂದ. ನಾವು ಹೆಣ್ಣುಮಕ್ಕಳು ಅಡ್ಡಗೋಡೆಯ ಈಚೆ ಉಸುಕಿನ ಮೇಲೆ ಚಾದರ ಹಾಸಿಕೊಂಡು ಕೂತೆವು. ಗಡಿಯಾರ ಬಂದಾಗ ಚಪ್ಪಾಳೆ, ರಾಡಿ ನೀರಿಗೆ ಚಪ್ಪಾಳೆ. ಆದರೆ ಒಂದೊಂದು ರೀಲು ಬದಲಾದ ಹಾಗೆ ನಮ್ಮ ಕಡೆ ಗೊಣಗಾಟ ಹೆಚ್ಚಿತು. ರಿಪೇರಿಯವನಿಗೆ ಒಬ್ಬ ಮುದಿ ತಾಯಿ ಹುಟ್ಟಿಕೊಂಡಿದ್ದಳು, ಪೊಲೀಸರು ಜಾರಿ ಬೀಳುವ ವಿದೂಷಕರಾಗಿದ್ದರು, ನೆರಳೆಲ್ಲ ಬೆಳಕಾಗಿತ್ತು. ಕೊಂದವನು ಕೆನ್ನೆಯ ಮೇಲೆ ಗಾಯದ ಗುರುತಿದ್ದ ಯಾರೋ ಕಳ್ಳಸಾಗಾಣಿಕೆಯವನು. ಕೊನೆಗೆ ಆ ಹೆಂಗಸಿಗೂ ರಿಪೇರಿಯವನಿಗೂ ಮದುವೆ. ಚಿಗವ್ವ ಮಾತ್ರ ಎಲ್ಲಿಯೂ ಗೊಣಗಲಿಲ್ಲ. ಪರದೆಯ ಬೆಳಕಿನಲ್ಲಿ ಅವಳ ಮುಖ ನೋಡಿದೆ. ಪಿಚ್ಚರ್ ನೋಡುವವರ ಮುಖ ಹಾಗಿರುವುದಿಲ್ಲ, ಕಚೇರಿಯಲ್ಲಿ ತನ್ನ ಹೆಸರು ಕೂಗುವುದನ್ನು ಕಾಯುವವರ ಮುಖ ಹಾಗಿರುತ್ತದೆ.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಬಜಾರು ಬಂದ್ ಇರುತ್ತಿದ್ದುದರಿಂದ ದೊಡ್ಡಪ್ಪ ಮನೆಯಲ್ಲಿದ್ದ. ಇದು ಯಾರಿಗೂ ಹೊಳೆಯಲಿಲ್ಲವೋ, ಅಥವಾ ಪಿಚ್ಚರಿನ ಸಿಟ್ಟಿನಲ್ಲಿ ಮರೆತೇ ಹೋಯಿತೋ. ಮಧ್ಯಾಹ್ನ ಪಡಸಾಲೆ ತುಂಬಿತು. ಖಾಜಾಬಿ ಬಳೆಯ ಬುಟ್ಟಿಯನ್ನು ಮೂಲೆಗೆ ಸರಿಸಿ, ತಾನೂ ಒಂದು ಮೊರ ಎಳೆದುಕೊಂಡು ಶುರು ಮಾಡಿದಳು.

"ಬಿಲ್ಕುಲ್ ಖರಾಬ್ ಮಾಡಿಟ್ಟಾರ ಬೇ. ಹೊರಗಿನಾವ ಕೊಂದ್ರ ಪಿಚ್ಚರಿಗೆ ಮಜಾ ಏನೈತಿ? ಮನ್ಯಾವ ಕೊಲ್ಲಬೇಕು."

ದೊಡ್ಡವ್ವ ನಗುತ್ತ, "ಹಳೇದು ನೋಡ್ದಾಕಿ ಹಂಗ ಮಾತಾಡತಿ. ಎಲ್ಲಿ ನೋಡೀಯವಾ ನೀ?" ಎಂದು ಕೆಣಕಿದಳು.

"ಎಲ್ಲಿ ಅಂದ್ರ? ಇದ ಪಡಸಾಲ್ಯಾಗ. ಹತ್ತು ಸಲ ನೋಡೀನಿ, ಟಿಕೆಟಿಲ್ಲದ."

ಎಲ್ಲರೂ ನಕ್ಕರು. ಒಬ್ಬೊಬ್ಬರೂ ತಮಗೆ ಕಂಡ ತಪ್ಪು ಹೇಳಿದರು. ಹಳೆಯದರಲ್ಲಿ ಆಕೆಯ ಸೀರೆ ಕರಿಯದು, ಹೊಸದರಲ್ಲಿ ಹೂವಿನದು ಎಂದರು. ಹಳೆಯದನ್ನು ಚಿಗವ್ವನ ಹೊರತು ಅಲ್ಲಿದ್ದ ಯಾರೂ ನೋಡಿರಲಿಲ್ಲ, ಆದರೂ ಸೀರೆಯ ಬಣ್ಣದ ಬಗ್ಗೆ ಒಬ್ಬರಿಗೂ ಅನುಮಾನವಿರಲಿಲ್ಲ. ಆ ನಗುವಿನ ನಡುವೆ ಆ ಮಾತು ಬಂತು. ಧೋತರದ ಸೀನು ಎಲ್ಲಿ ಹೋಯಿತು, ಅದನ್ನೇ ಬಿಟ್ಟುಬಿಟ್ಟಿದ್ದಾರಲ್ಲ ಎಂಬ ಮಾತು. ಆಡಿದವರು ಯಾರು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಮಾತು ಮುಗಿದಾಗ ನನ್ನ ಬಾಯಿ ತೆರೆದಿತ್ತು ಎಂಬುದು ಮಾತ್ರ ನೆನಪಿದೆ.

ಒಳಕೋಣೆಯ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ.

"ಯಾವ ಧೋತರ?" ಎಂದು ಕೇಳಿದ.

ಖಾಜಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಉತ್ಸಾಹದಿಂದಲೇ ಹೇಳಿದಳು. "ಅದ ರೀ ಸಾವ್ಕಾರ್ರ. ತಮ್ಮನ್ನ ನೀರಿಗೆ ನೂಕಿ ಬಂದು ಅಣ್ಣಾದಾವ ಹಿತ್ತಲದಾಗ ಧೋತರ ಹಿಂಡತಾನಲ್ರೀ. ಹಿಂಡಿ, ಬಿಸಲು ಚಲೋ..." ಅಲ್ಲಿಗೆ ಅವಳ ದನಿ ಸಣ್ಣದಾಯಿತು. ಅಷ್ಟು ಸಲ ಕೇಳಿದ ಕತೆಯನ್ನು ಅವಳು ಅವತ್ತು ಮೊದಲ ಸಲ ತನ್ನ ಬಾಯಿಂದ ಹೇಳುತ್ತಿದ್ದಳು. ಹೇಳಿದಾಗ ತನಗೇ ಕೇಳಿಸಿತು. ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಮೊರಗಳು ನಿಂತವು. ಹೊರಗೆ ಬಿಸಿಲು ಚಲೋ ಇತ್ತು.

"ಹಳೇ ಪಿಚ್ಚರ್ ನಾ ನೋಡೀನಿ, ಹೈದರಾಬಾದಿನ್ಯಾಗ," ದೊಡ್ಡಪ್ಪ ನಿಧಾನವಾಗಿ ಅಂದ. "ಅದರಾಗ ಅಣ್ಣ ಅನ್ನಾವ ಇಲ್ಲ. ಯಾರು ಹೇಳಿದ್ರು ನಿಮಗ ಈ ಕತಿ?"

ಎಲ್ಲರೂ ಕೈಯಲ್ಲಿದ್ದ ಕಾಳು ನೋಡಿಕೊಂಡರು. ಯಾರೂ ಹೆಸರು ಹೇಳುತ್ತಿರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಖಾಜಾಬಿ ಏನಾದರೊಂದು ಸುಳ್ಳು ಹುಡುಕುತ್ತಿದ್ದಳು, ಅವಳಿಗೆ ಇನ್ನೊಂದು ಕ್ಷಣ ಬೇಕಿತ್ತು, ಅಷ್ಟೆ. ಆ ಕ್ಷಣದೊಳಗೆ ಸಣ್ಣದೊಂದು ದನಿ ಚಿಗವ್ವನ ಹೆಸರು ಹೇಳಿತು. ಮೂರನೆಯ ನೋಟುಬುಕ್ಕಿನ ಪ್ರಕಾರ ಆ ದನಿ ನನ್ನದು. ಹೆಮ್ಮೆಯಿಂದ ಹೇಳಿದೆ, ನಮ್ಮ ಚಿಗವ್ವ ಎಷ್ಟು ಚೆನ್ನಾಗಿ ಹೇಳುತ್ತಾಳೆಂದು ದೊಡ್ಡಪ್ಪನಿಗೂ ಗೊತ್ತಾಗಲಿ ಎಂದು.

ನಮ್ಮಲ್ಲಿ ಭಾವನೂ ತಮ್ಮನ ಹೆಂಡತಿಯೂ ಎದುರು ಬದುರು ಮಾತಾಡುವುದಿಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ದೊಡ್ಡಪ್ಪ ಅವಳಿಗೆ ಹೇಳುವುದನ್ನೆಲ್ಲ ದೊಡ್ಡವ್ವನ ಕಡೆಯಿಂದ ಹೇಳಿಸುತ್ತಿದ್ದ. ಅವತ್ತು ಕಂಬದ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದವಳ ಕಡೆ ತಿರುಗಿ, "ಚಲೋ ಹೇಳತಿ ಬಿಡು, ಶಾಂತವ್ವ," ಅಂದ. ಅಂದು ಒಳಗೆ ಹೋದ. ನಾನು ಬದುಕಿನಲ್ಲಿ ಕೇಳಿದ ಬೈಗುಳಗಳಲ್ಲಿ ಒಂದೂ ಆ ಹೊಗಳಿಕೆಯಷ್ಟು ನನ್ನನ್ನು ಹೆದರಿಸಿಲ್ಲ. ಚಿಗವ್ವ ಕಂಬ ಬಿಟ್ಟು ಅಲ್ಲಾಡಲಿಲ್ಲ. ಖಾಜಾಬಿ ಬುಟ್ಟಿ ಎತ್ತಿಕೊಂಡು ಹೋದಳು. ಆಮೇಲೆ ಅವಳು ನಮ್ಮ ಓಣಿಗೆ ಬಳೆ ತರುತ್ತಿದ್ದಳು, ನಮ್ಮ ಮನೆಗೆ ತರಲಿಲ್ಲ.

ಆ ವಾರದೊಳಗೆ ಚಿಗವ್ವನ ಟ್ರಂಕು ಲಿಂಗಸುಗೂರಿನ ಬಸ್ಸಿನ ಮೇಲೆ ಹೋಯಿತು. ಗಂಡನ ಚಿಂತೆಯಲ್ಲಿ ಬುದ್ಧಿ ಭ್ರಮಿಸಿದೆ, ಒಂದು ತಿಂಗಳು ತವರಿನಲ್ಲಿದ್ದು ಬರಲಿ ಎಂದರು. ಬಸ್ಸು ಬರುವ ತನಕ ಅವಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು, ತುಸು ಬಿಗಿಯಾಗಿ, ನೋಯುವಷ್ಟು. ನಾನು ಅಳುತ್ತಿದ್ದೆ, ಜಡೆಗೆ ಅಳುತ್ತಿದ್ದೇನೆಂದು ಅವಳು ಅಂದುಕೊಂಡಿರಬಹುದು. ತಿಂಗಳು ಕಳೆಯಿತು, ವರ್ಷ ಕಳೆಯಿತು, ಕರೆಯಲು ಯಾರೂ ಹೋಗಲಿಲ್ಲ. ನಾನು ಕೇಳಿದಾಗ ದೊಡ್ಡವ್ವ ಒಲೆಯ ಕಡೆ ಮುಖ ಮಾಡಿಕೊಂಡೇ, "ಬಾಯಿ ಇದ್ದಾಕಿ ಬಾಳಂಗಿಲ್ಲವಾ," ಅಂದಳು. ನಮ್ಮ ಪಡಸಾಲೆಯಲ್ಲಿ ಮತ್ತೆ ಯಾರೂ ಪಿಚ್ಚರ್ ಹೇಳಲಿಲ್ಲ. ಮುಂದಿನ ವರ್ಷ ಅಪ್ಪನಿಗೆ ಸಿಂಧನೂರಿನಲ್ಲಿ ಮನೆ ಸಿಕ್ಕಿತು, ನಾನು ಅಲ್ಲಿಗೆ ಹೋದೆ. ಈಗ ಆ ಮಸ್ಕಿಯ ಮನೆ ಇಲ್ಲ. ಅದು ನಿಂತಿದ್ದ ಜಾಗದಲ್ಲಿ ಗೊಬ್ಬರ ಮತ್ತು ಎಣ್ಣೆಯ ಅಂಗಡಿ ಇದೆ. ಕಾಲುವೆಯ ಪಕ್ಕದ ಹೊಲದಲ್ಲಿ ವರ್ಷಕ್ಕೆ ಎರಡು ಸಲ ನೆಲ್ಲು ಹಸಿರಾಗುತ್ತದೆ. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆಯ ಕಿಟಕಿಗೆ ಕೂರುವುದಿಲ್ಲ.

ಧಾರವಾಡದಲ್ಲಿ ಓದುವಾಗ ಆ ಹಳೆಯ ಹಿಂದಿ ಪಿಚ್ಚರನ್ನು ನೋಡಲೇಬೇಕೆಂದು ಹಟ ಹಿಡಿದೆ. ಕಣ್ಣಾರೆ ನೋಡಿದರೆ ದೊಡ್ಡಪ್ಪ ಹೇಳಿದ್ದು ಖರೆಯೋ ಸುಳ್ಳೋ ಗೊತ್ತಾಗುತ್ತದಲ್ಲ. ಸಿನೆಮಾದ ಹುಚ್ಚಿದ್ದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದೆ, ಅವರು ತಮಗೆ ಗೊತ್ತಿದ್ದವರಿಗೆ ಬರೆದು ವಿಚಾರಿಸಿದರು. ಅದರ ಪ್ರತಿಗಳೆಲ್ಲ ಯಾವುದೋ ಗೋದಾಮಿನಲ್ಲಿ ಸುಟ್ಟುಹೋಗಿವೆಯಂತೆ ಎಂದು ಉತ್ತರ ಬಂತು. ಉಳಿದಿದ್ದು ನಮ್ಮ ಮನೆಯ ಇಬ್ಬರು ನೋಡುಗರು, ಎರಡು ಮಾತು. ಒಬ್ಬನ ಪ್ರಕಾರ ಅದರಲ್ಲಿ ಅಣ್ಣನೇ ಇಲ್ಲ. ಒಬ್ಬಳ ಪ್ರಕಾರ ಅಣ್ಣ ಇದ್ದಾನೆ, ಅವನ ಧೋತರ ಒದ್ದೆ ಇದೆ. ದೊಡ್ಡಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಗುಡ್ಡದ ಮೇಲಿನ ಗುಡಿಗೆ ಮೆಟ್ಟಿಲು ಕಟ್ಟಿಸಿದ್ದ, ಊರೇ ಬಂದು ಮಣ್ಣು ಕೊಟ್ಟಿತ್ತು.

ಒಂದು ರಜೆಯಲ್ಲಿ ಊರಿಗೆ ಹೊರಟವಳು ಲಿಂಗಸುಗೂರಿನಲ್ಲಿ ಇಳಿದೆ. ಚಿಗವ್ವ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸರ್ಕಾರಿ ಕಚೇರಿಯವರ ಹೆಂಡತಿಯರಿಗೆ ಕುಪ್ಪಸ ಹೊಲಿಯುತ್ತಿದ್ದಳು. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು, ಗಲ್ಲ ಹಿಡಿದು, ಎಷ್ಟು ಒಣಗಿದ್ದೀ ಅಂದಳು. ಅವತ್ತು ಅವಳ ಹೆಸರು ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬರಲಿಲ್ಲ. ಅದರ ಬದಲು ಇನ್ನೊಂದನ್ನು ಕೇಳಿದೆ. ಅವಳು ಯಂತ್ರದ ಗಾಲಿಯ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ತೆರೆದಿದ್ದ ಬಾಗಿಲ ಕಡೆ ನೋಡಿದಳು, ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ದಾರ ಹರಿದು, ಸೂಜಿಗೆ ಮತ್ತೆ ಪೋಣಿಸಿ, ಗಾಲಿ ತಿರುಗಿಸತೊಡಗಿದಳು. ಅದಾದ ಮೇಲೂ ಅವಳು ಬಹಳ ವರ್ಷ ಇದ್ದಳು, ನಾನೂ ಹೋಗಿ ಬಂದು ಮಾಡಿದೆ, ಒಬ್ಬರೂ ಆ ಮಾತು ಎತ್ತಲಿಲ್ಲ. ಅವಳು ಹೋದ ಮೇಲೆ ಉತ್ತರ ಕೊಡಬಲ್ಲವರು ಯಾರೂ ಉಳಿದಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಆ ಧೋತರ ಪಿಚ್ಚರಿಂದೋ, ನಮ್ಮ ಹಿತ್ತಲದ್ದೋ?"